ಅಳೆದು ನೋಡಿ, ಆಮೇಲೆ ಕ್ಯಾನ್ ಹಾಕಿಸಿ

ಮನೆಯಲ್ಲಿ ಒಬ್ಬ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ ಎಂದರೆ ಮುಗಿಯಿತು. ಮಿಕ್ಸಿ ಕೆಟ್ಟರೂ ಅವನೇ ನೋಡಬೇಕು, ನೆಂಟರ ಕಾರಿಗೆ ಯಾವ ಆಯಿಲ್ ಎಂದೂ ಅವನೇ ಹೇಳಬೇಕು. ಬಿಇ ಮೂರನೇ ವರ್ಷಕ್ಕೆ ಬಂದ ಮೇಲೆ ನನಗೆ ಪದೇ ಪದೇ ಎದುರಾದ ಪ್ರಶ್ನೆ ಒಂದೇ: ‘ಟರ್ಬೊ ಗಾಡಿಗೆ ಆಯಿಲ್ ಕ್ಯಾಚ್ ಕ್ಯಾನ್ ಹಾಕಿಸಬೇಕಾ, ಬೇಡ್ವಾ?’ ಹಾಸ್ಟೆಲಿನ ಸೀನಿಯರ್ ಕೇಳಿದರು. ಹಾಸನದಲ್ಲಿ ಟ್ಯಾಕ್ಸಿ ಓಡಿಸುವ ನನ್ನ ಸೋದರಮಾವನೂ ಕೇಳಿದರು. ವಿಡಿಯೊಗಳಲ್ಲಿ ಅರ್ಧ ಜನ ‘ಹಾಕಿಸದಿದ್ದರೆ ಎಂಜಿನ್ ಹಾಳು’ ಎನ್ನುತ್ತಾರೆ, ಉಳಿದರ್ಧ ಜನ ‘ಅದು ಬರೀ ಶೋಕಿ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ನಿಮ್ಮ ಗಾಡಿಗೆ ಯಾವುದು ನಿಜ ಎಂದು ತಿಳಿಯಲು ಒಂದು ದಾರಿ ಇದೆ. ಅದಕ್ಕೆ ಬೇಕಿರುವುದು ಒಂದು ಅಳತೆಯ ಲೋಟ ಮತ್ತು ಎರಡು ವಾರದ ತಾಳ್ಮೆ.

ಎಂಜಿನ್ ಒಳಗಿನ ಸೋರಿಕೆ

ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿರಲಿ, ಸಿಲಿಂಡರಿನೊಳಗೆ ಇಂಧನ ಉರಿದಾಗ ಒಂದಿಷ್ಟು ಅನಿಲ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಇದಕ್ಕೆ ಬ್ಲೋ-ಬೈ ಎಂದು ಹೆಸರು. ಅದರಲ್ಲಿ ಉರಿದ ಹೊಗೆ, ಉರಿಯದೆ ಉಳಿದ ಇಂಧನ, ನೀರಾವಿ ಎಲ್ಲವೂ ಇರುತ್ತವೆ. ಕೆಳಗೆ ವೇಗವಾಗಿ ತಿರುಗುವ ಕ್ರ್ಯಾಂಕ್ ಆಯಿಲನ್ನು ಎರಚಾಡುತ್ತಿರುತ್ತದೆ. ಹೊರಗೆ ಹೋಗುವಾಗ ಈ ಅನಿಲ ಆಯಿಲಿನ ಸಣ್ಣ ಹನಿಗಳನ್ನೂ ಜೊತೆಗೆ ಕೊಂಡೊಯ್ಯುತ್ತದೆ.

ಹೊರಗೆ ಹೋಗದೆ ಒಳಗೇ ಉಳಿದರೆ ಒತ್ತಡ ಏರಿ ಆಯಿಲ್ ಸೀಲುಗಳು ಸೋರಲು ಶುರುವಾಗುತ್ತವೆ. ಹಳೆಯ ಕಾಲದ ಕಾರುಗಳಲ್ಲಿ ಒಂದು ಪೈಪು ಈ ಹೊಗೆಯನ್ನು ನೇರ ರಸ್ತೆಗೆ ಬಿಡುತ್ತಿತ್ತು. ಹೊಗೆಮಂಜಿನಿಂದ ಕಂಗೆಟ್ಟಿದ್ದ ಕ್ಯಾಲಿಫೋರ್ನಿಯಾ 1960ರ ದಶಕದ ಆರಂಭದಲ್ಲಿ ಇದಕ್ಕೆ ತಡೆ ಹಾಕಿತು. ಆಗಿನಿಂದ ಬ್ಲೋ-ಬೈ ಅನಿಲವನ್ನು ಮತ್ತೆ ಎಂಜಿನ್ ಒಳಗೇ ಎಳೆದು ಉರಿಸುವ ಪಿಸಿವಿ ವ್ಯವಸ್ಥೆ ಬಳಕೆಗೆ ಬಂತು. ಇವತ್ತಿನ ಪ್ರತಿ ಕಾರಿನಲ್ಲೂ ಇಂಥ ವ್ಯವಸ್ಥೆ ಇದೆ. ಆಯಿಲಿನ ಹನಿಗಳನ್ನು ಬೇರ್ಪಡಿಸುವ ಒಂದು ಸೆಪರೇಟರನ್ನೂ ಕಂಪನಿಯವರೇ ಕೊಟ್ಟಿರುತ್ತಾರೆ, ಹೆಚ್ಚಾಗಿ ಎಂಜಿನ್ ಮೇಲಿನ ಕವರಿನೊಳಗೆ.

ಟರ್ಬೊ ಬಂದಾಗ ಏನಾಗುತ್ತದೆ?

ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಐಡಿಯಾ ಇದು: ಸೈಲೆನ್ಸರಿನಿಂದ ವ್ಯರ್ಥವಾಗಿ ಹೋಗುವ ಹೊಗೆಯ ಬಲದಿಂದ ಒಂದು ಚಕ್ರ ತಿರುಗಿಸಿ, ಅದರಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದು. ಗಾಳಿ ಹೆಚ್ಚಾದರೆ ಇಂಧನವನ್ನೂ ಹೆಚ್ಚು ಉರಿಸಬಹುದು, ಸಣ್ಣ ಎಂಜಿನ್ನಿನಿಂದಲೇ ದೊಡ್ಡ ಶಕ್ತಿ ಪಡೆಯಬಹುದು. ಆದರೆ ಸಿಲಿಂಡರಿನ ಒತ್ತಡ ಏರಿದಷ್ಟೂ ರಿಂಗಿನ ಸಂದಿಯಿಂದ ಇಳಿಯುವ ಅನಿಲವೂ ಹೆಚ್ಚುತ್ತದೆ.

ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ಈ ಅನಿಲಕ್ಕೆ ಎರಡು ದಾರಿ. ನಿಧಾನವಾಗಿ ಹೋಗುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನ ಎಳೆತ ಅದನ್ನು ಹೀರಿಕೊಳ್ಳುತ್ತದೆ. ಆಕ್ಸಿಲರೇಟರ್ ತುಳಿದು ಬೂಸ್ಟ್ ಬಂದಾಗ ಮ್ಯಾನಿಫೋಲ್ಡಿನಲ್ಲಿ ಎಳೆತದ ಬದಲು ಒತ್ತಡ ಇರುತ್ತದೆ. ಆಗ ಒಂದು ವಾಲ್ವ್ ಆ ದಾರಿ ಮುಚ್ಚುತ್ತದೆ, ಅನಿಲ ಟರ್ಬೊ ಗಾಳಿ ಎಳೆದುಕೊಳ್ಳುವ ಪೈಪಿಗೆ ಹೋಗುತ್ತದೆ. ಮಾವನ ಕಾರಿನಂಥ ಡೀಸೆಲ್ ಎಂಜಿನ್ನಿನಲ್ಲಿ ಇರುವುದು ಈ ಎರಡನೆಯ ದಾರಿ ಮಾತ್ರ. ಹಾಗಾಗಿ ಟರ್ಬೊ, ಅದರ ಮುಂದಿನ ಇಂಟರ್‌ಕೂಲರ್, ನಡುವಿನ ಪೈಪುಗಳ ಒಳಗೆಲ್ಲ ತೆಳುವಾಗಿ ಆಯಿಲ್ ಜಿಡ್ಡು ಕಾಣುವುದು ಸಹಜ.

ಸಹಜ ಎಂದರೆ ನಿರುಪದ್ರವಿ ಎಂದಲ್ಲ. ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ನೇರ ಸಿಲಿಂಡರಿಗೆ ಬೀಳುತ್ತದೆ. ಇನ್‌ಟೇಕ್ ವಾಲ್ವಿನ ಬೆನ್ನನ್ನು ತೊಳೆಯಲು ಪೆಟ್ರೋಲ್ ಸಿಗುವುದಿಲ್ಲ, ಅಲ್ಲಿ ಆಯಿಲ್ ಸುಟ್ಟು ಕಾರ್ಬನ್ ಆಗಿ ಕೂರುತ್ತದೆ. ಅದನ್ನು ತೆಗೆಯಲು ಕೆಲವೆಡೆ ವಾಲ್‌ನಟ್ ಚಿಪ್ಪಿನ ಪುಡಿಯನ್ನು ಗಾಳಿಯ ಜೊತೆ ಹೊಡೆಸುತ್ತಾರೆ. ಡೀಸೆಲ್ಲಿನಲ್ಲಾದರೆ ಇಜಿಆರ್ ಮೂಲಕ ಬರುವ ಮಸಿ ಮತ್ತು ಈ ಆಯಿಲ್ ಸೇರಿ ಮ್ಯಾನಿಫೋಲ್ಡಿನೊಳಗೆ ಕಪ್ಪು ರಾಡಿಯಾಗುತ್ತದೆ. ಬಿಎಸ್6 ಡೀಸೆಲ್ ಕಾರುಗಳ ಡಿಪಿಎಫ್ ಫಿಲ್ಟರಿನಲ್ಲಿ ಮಸಿ ಸುಟ್ಟುಹೋದರೂ, ಉರಿದ ಆಯಿಲಿನ ಬೂದಿ ಅಲ್ಲೇ ಉಳಿಯುತ್ತದೆ.

ಕ್ಯಾನ್ ಮಾಡುವುದೇನು, ಮಾಡದಿರುವುದೇನು

ಕ್ಯಾಚ್ ಕ್ಯಾನ್ ಎಂದರೆ ಬ್ಲೋ-ಬೈ ಹೋಗುವ ಪೈಪಿನ ನಡುವೆ ಕೂರಿಸುವ ಒಂದು ಡಬ್ಬಿ. ಒಳಗೆ ತಡೆಗೋಡೆ, ಲೋಹದ ಜಾಲರಿ ಇರುತ್ತವೆ. ಬಿಸಿ ಅನಿಲ ಅಲ್ಲಿ ತಣ್ಣಗಾಗಿ, ಜಾಲರಿಗೆ ತಾಗಿ, ಸಣ್ಣ ಹನಿಗಳು ದೊಡ್ಡವಾಗಿ ತಳಕ್ಕೆ ಇಳಿಯುತ್ತವೆ. ಜಾಲರಿ ಇಲ್ಲದ, ಎರಡು ಮೂತಿಯಿರುವ ಖಾಲಿ ಡಬ್ಬಿಯಾದರೆ ಹೆಚ್ಚಿನ ಹನಿಗಳು ಒಂದು ಮೂತಿಯಿಂದ ಬಂದು ಇನ್ನೊಂದರಿಂದ ಹೋಗುತ್ತವೆ. ನೋಡಲು ಚಂದ, ಅಷ್ಟೇ.

ವಿದ್ಯಾರ್ಥಿಗಳು ಕಟ್ಟುವ ಫಾರ್ಮುಲಾ ಸ್ಟೂಡೆಂಟ್ ರೇಸ್ ಕಾರುಗಳಲ್ಲಿ ಕನಿಷ್ಠ 900 ಮಿಲಿಲೀಟರಿನ ಕ್ಯಾಚ್ ಕ್ಯಾನ್ ಇರಲೇಬೇಕೆಂಬ ನಿಯಮವಿದೆ. ‘ರೇಸ್ ಕಾರಿಗೇ ಬೇಕು ಅಂದ ಮೇಲೆ ನಮ್ಮ ಕಾರಿಗೆ ಬೇಡವೇ?’ ಎಂದು ಕೇಳುವವರಿದ್ದಾರೆ. ಅಲ್ಲಿನ ಉದ್ದೇಶ ಬೇರೆ. ಟ್ರ್ಯಾಕ್ ಮೇಲೆ ಆಯಿಲ್ ಚೆಲ್ಲಿದರೆ ಹಿಂದೆ ಬರುವ ಕಾರು ಜಾರುತ್ತದೆ.

ಕ್ಯಾನಿನಿಂದ ಹೊಸ ಕೆಲಸಗಳೂ ಹುಟ್ಟುತ್ತವೆ. ತುಂಬುವ ಮೊದಲು ಖಾಲಿ ಮಾಡಬೇಕು. ಮರೆತರೆ ಸೇರಿದ್ದೆಲ್ಲ ಒಮ್ಮೆಗೇ ಎಂಜಿನ್ನಿಗೆ ಹೋಗಬಹುದು. ಪೈಪು ಮಡಚಿಕೊಂಡರೆ ಅಥವಾ ಜಾಲರಿ ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸ್ ಒತ್ತಡ ಏರುತ್ತದೆ. ಸಡಿಲವಾದ ಕ್ಲಿಪ್ಪಿನಿಂದ ಗಾಳಿ ಎಳೆದರೆ ಚೆಕ್ ಎಂಜಿನ್ ದೀಪ ಹತ್ತಬಹುದು. ಅನಿಲವನ್ನು ಹೊರಗೆ ಬಿಡುವ ಮಾದರಿಯ ಕ್ಯಾನ್ ಅಂತೂ ಬೇಡವೇ ಬೇಡ. ಮಾಲಿನ್ಯ ತಡೆಯಲೆಂದು ಬಂದ ವ್ಯವಸ್ಥೆಯನ್ನೇ ಅದು ಕಿತ್ತುಹಾಕಿದಂತೆ. ತಳದಲ್ಲಿ ಸೇರಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ ಸುರಿಯದೆ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು.

ಮಾವನ ಕಾರಿನ ಲೆಕ್ಕ

ಈಗ ಮಾವನ ವಿಷಯ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಬಿಎಸ್4 ಡೀಸೆಲ್ ಕಾರು, 1.6 ಲಕ್ಷ ಕಿಲೋಮೀಟರ್ ಓಡಿದೆ, ಕಂತು ಇನ್ನೂ ಬಾಕಿ ಇದೆ. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ವಾರಕ್ಕೆ ಮೂರು ನಾಲ್ಕು ಟ್ರಿಪ್. ಐದು ಸಾವಿರ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಲೀಟರ್ ಆಯಿಲ್ ಮೇಲಿಂದ ಹಾಕಬೇಕಾಗುತ್ತಿತ್ತು. ಗ್ಯಾರೇಜಿನಲ್ಲಿ ಇಂಟರ್‌ಕೂಲರ್ ಪೈಪ್ ಬಿಚ್ಚಿದಾಗ ಒಳಗೆ ಆಯಿಲ್ ನಿಂತಿತ್ತು. ‘ಒಳ್ಳೇ ಕ್ಯಾಚ್ ಕ್ಯಾನ್ ಹಾಕೋಣ, ಆರೂವರೆ ಸಾವಿರ ಆಗುತ್ತೆ’ ಎಂದರಂತೆ.

ಮಾವ ಫೋನ್ ಮಾಡಿ, ‘ಅಳಿಯಾ, ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ಪಾಠ ಬೇಡ’ ಎಂದರು.

‘ಮಾವ, ಎರಡು ವಾರ ಟೈಮ್ ಕೊಡಿ. ಅಲ್ಲಿವರೆಗೆ ದುಡ್ಡು ಕೊಡಬೇಡಿ’ ಎಂದೆ.

ನನಗೆ ಹೆದರಿಕೆ ಇದ್ದದ್ದು ದುಡ್ಡಿನದ್ದಲ್ಲ. ಇಂಟರ್‌ಕೂಲರಿನಲ್ಲಿ ಆಯಿಲ್ ಹೆಚ್ಚು ನಿಂತರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಇಂಧನ ಮಾಡಿಕೊಂಡು ತಾನಾಗಿ ರೇಸ್ ಆಗಬಹುದು. ಇದಕ್ಕೆ ರನ್‌ಅವೇ ಎನ್ನುತ್ತಾರೆ. ಆಗ ಕೀ ತಿರುಗಿಸಿ ಡೀಸೆಲ್ ನಿಲ್ಲಿಸಿದರೂ ಎಂಜಿನ್ ನಿಲ್ಲದೇ ಹೋಗಬಹುದು. ಘಾಟಿಯಲ್ಲಿ, ಹಿಂದೆ ಪ್ರಯಾಣಿಕರು ಕೂತಿರುವಾಗ ಹಾಗಾಗುವುದು ಬೇಡ. ಹಾಗಾಗಿ ಮೊದಲು ಇಂಟರ್‌ಕೂಲರ್ ಮತ್ತು ಪೈಪುಗಳಲ್ಲಿ ನಿಂತಿದ್ದ ಆಯಿಲನ್ನು ಪೂರ್ತಿ ತೆಗೆಸಿ ಒರೆಸಿಸಿದೆವು. ಕಂಪ್ರೆಷನ್ ಟೆಸ್ಟ್ ಮಾಡಿಸಿದೆವು. ನಾಲ್ಕೂ ಸಿಲಿಂಡರ್ ಸರಿಯಾಗಿದ್ದವು, ಅಂದರೆ ರಿಂಗು ಸವೆದಿಲ್ಲ. ಕವರಿನೊಳಗಿನ ಸೆಪರೇಟರೂ ಕಟ್ಟಿಕೊಂಡಿರಲಿಲ್ಲ.

ಗ್ಯಾರೇಜಿನವರು ತಮ್ಮಲ್ಲಿದ್ದ, ಜಾಲರಿ ಇರುವ ಹಳೆಯ ಕ್ಯಾನೊಂದನ್ನು ಎರಡು ವಾರಕ್ಕೆ ಕೊಡಲು ಒಪ್ಪಿದರು. ಅದನ್ನು ನಾವು ಮದ್ದು ಎಂದು ಹಾಕಲಿಲ್ಲ, ಅಳತೆಗೆಂದು ಹಾಕಿದೆವು. ಸಮತಟ್ಟಾದ ಜಾಗದಲ್ಲಿ, ಬೆಳಿಗ್ಗೆ ತಣ್ಣಗಿರುವಾಗ, ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿಗೆ ಸರಿಯಾಗಿ ಆಯಿಲ್ ತುಂಬಿದೆವು. ಮಾವ 2,000 ಕಿಲೋಮೀಟರ್ ಓಡಿಸಿ ಬಂದರು. ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಗುರುತಿಗೆ ಮತ್ತೆ ಆಯಿಲ್ ತುಂಬಿದಾಗ ಹಿಡಿದದ್ದು 380 ಮಿಲಿಲೀಟರ್. ಕ್ಯಾನಿನಲ್ಲಿ ಸಿಕ್ಕಿದ್ದು 70 ಮಿಲಿಲೀಟರ್. ಅದನ್ನು ಗಾಜಿನ ಬಾಟಲಿಯಲ್ಲಿ ಎರಡು ದಿನ ಇಟ್ಟೆ. ತಳದಲ್ಲಿ ನೀರು ಬೇರೆಯಾಯಿತು. ಮೇಲೆ ಉಳಿದ ಆಯಿಲ್ ಸುಮಾರು 45 ಮಿಲಿಲೀಟರ್.

ಹಾಗಾದರೆ ಉಳಿದ 335 ಮಿಲಿಲೀಟರ್ ಎಲ್ಲಿ ಹೋಯಿತು? ಟರ್ಬೊಗೆ ಹೋಗುವ ಮುಂಚಿನ ಪೈಪ್ ಬಿಚ್ಚಿ ಬೆರಳಾಡಿಸಿದೆವು, ಹೆಚ್ಚುಕಡಿಮೆ ಒಣಗಿತ್ತು. ಟರ್ಬೊದಿಂದ ಹೊರಬರುವ ಪೈಪ್ ಬಿಚ್ಚಿದರೆ ತೊಯ್ದುಹೋಗಿತ್ತು. ಆಯಿಲ್ ಬರುತ್ತಿದ್ದದ್ದು ಕ್ರ್ಯಾಂಕ್‌ಕೇಸಿನ ಪೈಪಿನಿಂದಲ್ಲ, ಟರ್ಬೊ ಒಳಗಿಂದ.

ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ಬೇರಿಂಗಿಗೆ ಪಂಪಿನ ಒತ್ತಡದಲ್ಲಿ ಆಯಿಲ್ ಬರುತ್ತದೆ, ಆದರೆ ವಾಪಸ್ ಸಂಪಿಗೆ ಇಳಿಯುವುದು ಬರೀ ತನ್ನ ಭಾರದಿಂದ. ಆ ರಿಟರ್ನ್ ಪೈಪ್ ಕಿರಿದಾದರೆ ಆಯಿಲ್ ಟರ್ಬೊದಲ್ಲೇ ತುಂಬಿಕೊಂಡು ಸೀಲ್ ದಾಟುತ್ತದೆ. ಮೆಕ್ಯಾನಿಕ್ ಅದನ್ನು ಬಿಚ್ಚಿದಾಗ ಒಳಗೆ ಸುಟ್ಟ ಆಯಿಲ್ ಗಟ್ಟಿ ಕರಿಯಾಗಿ ಅಂಟಿತ್ತು. ಶಾಫ್ಟ್ ಅಲುಗಾಡುತ್ತಿರಲಿಲ್ಲ, ಅದೊಂದು ಸಮಾಧಾನ. ಪೈಪ್ ಸ್ವಚ್ಛ ಮಾಡಿ, ಎರಡು ಗ್ಯಾಸ್ಕೆಟ್ ಬದಲಿಸಿ, ಕಂಪನಿ ಹೇಳಿದ ದರ್ಜೆಯ ಹೊಸ ಆಯಿಲ್ ಹಾಕಿದರು. ಪೈಪಿನ ಕೆಲಸಕ್ಕಾದ ಖರ್ಚು ಕ್ಯಾನಿಗೆ ಕೇಳಿದ್ದಕ್ಕಿಂತ ಕಡಿಮೆ. ಮುಂದಿನ 2,000 ಕಿಲೋಮೀಟರಿಗೆ ಕಡಿಮೆಯಾದ ಆಯಿಲ್ 90 ಮಿಲಿಲೀಟರ್.

ಮಾವ ಕ್ಯಾನ್ ವಾಪಸ್ ಕೊಟ್ಟರು. ಜೊತೆಗೆ ಒಂದು ಅಭ್ಯಾಸ ಬದಲಿಸಿಕೊಂಡರು. ಘಾಟಿ ಹತ್ತಿ ಬಂದು ಚಹಾಕ್ಕೆ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡುತ್ತಿದ್ದರು. ಕೆಂಪಗೆ ಕಾದ ಟರ್ಬೊದಲ್ಲಿ ಆಯಿಲ್ ಓಡಾಟ ನಿಂತರೆ ಅದು ಅಲ್ಲೇ ಸುಟ್ಟು ಕರಿಯಾಗುತ್ತದೆ. ಈಗ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಕೀ ತಿರುಗಿಸುತ್ತಾರೆ.

ಕ್ಯಾನ್ ಹಾಕಿಸಿ ಸುಮ್ಮನಾಗಿದ್ದರೆ ಟರ್ಬೊದ ಮುಂಚಿನ ಪೈಪ್ ಒಣಗಿರುತ್ತಿತ್ತು, ಕ್ಯಾನಿನಲ್ಲಿ ಆಯಿಲ್ ಕಾಣುತ್ತಿತ್ತು, ‘ನೋಡಿ, ಎಷ್ಟು ಹಿಡಿದಿದೆ’ ಎಂದು ಎಲ್ಲರೂ ಖುಷಿಪಡುತ್ತಿದ್ದೆವು. ಅತ್ತ ಟರ್ಬೊ ಸೋರುತ್ತಲೇ ಇರುತ್ತಿತ್ತು.

ಹಾಗಾದರೆ ಯಾರಿಗೆ ಬೇಕು?

ನನ್ನ ಸೀನಿಯರದ್ದು ಹೊಸ ಟರ್ಬೊ ಪೆಟ್ರೋಲ್ ಕಾರು, ಡೈರೆಕ್ಟ್ ಇಂಜೆಕ್ಷನ್. ಕ್ಯಾನಿನಿಂದ ನಿಜವಾಗಿ ಉಪಯೋಗ ಪಡೆಯಬಲ್ಲ ಎಂಜಿನ್ ಇದೇ. ಆದರೂ ‘ವಾರಂಟಿ ಮುಗಿಯುವವರೆಗೆ ಮುಟ್ಟಬೇಡಿ’ ಎಂದೆ. ಹೊರಗಿನ ಭಾಗ ಹಾಕಿಸಿದ್ದನ್ನು ತೋರಿಸಿ ಕ್ಲೇಮ್ ತಿರಸ್ಕರಿಸಲು ಅವಕಾಶ ಏಕೆ ಕೊಡಬೇಕು? ಸರಿಯಾದ ದರ್ಜೆಯ ಆಯಿಲನ್ನು ಅವಧಿಗೆ ಸರಿಯಾಗಿ ಬದಲಿಸಿದರೆ ಸದ್ಯಕ್ಕೆ ಸಾಕು. ವಾರಂಟಿ ಮುಗಿದ ಮೇಲೆ, ಕಾರನ್ನು ಇನ್ನೂ ಏಳೆಂಟು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದು, ತಿಂಗಳಿಗೊಮ್ಮೆ ಬಾನೆಟ್ ತೆಗೆದು ಖಾಲಿ ಮಾಡುವ ಶಿಸ್ತೂ ಇದ್ದರೆ, ಜಾಲರಿ ಇರುವ, ಅನಿಲವನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಕ್ಯಾನ್ ಹಾಕಿಸಬಹುದು. ಪೇಟೆಯೊಳಗೆ ಎರಡು ಮೂರು ಕಿಲೋಮೀಟರಿನ ಓಡಾಟವೇ ಹೆಚ್ಚಾದರೆ ಎಂಜಿನ್ ಪೂರ್ತಿ ಬಿಸಿಯಾಗದೆ, ಕ್ಯಾನಿನಲ್ಲಿ ಹಾಲು ಬೆರೆಸಿದ ಕಾಫಿಯಂಥ ನೀರು ಬೇಗ ತುಂಬುತ್ತದೆ. ಅಂಥವರು ಇನ್ನೂ ಬೇಗ ಬೇಗ ನೋಡಬೇಕು.

ಇಂಧನವನ್ನು ಇನ್‌ಟೇಕ್ ಪೋರ್ಟಿನಲ್ಲೇ ಚಿಮ್ಮಿಸುವ ಟರ್ಬೊ ಪೆಟ್ರೋಲ್ ಕಾರಿನಲ್ಲಿ ವಾಲ್ವ್ ತಾನಾಗಿ ತೊಳೆದುಕೊಳ್ಳುತ್ತದೆ. ಅದಕ್ಕೆ ಕ್ಯಾನಿನ ಅಗತ್ಯ ತೀರಾ ಕಡಿಮೆ. ಒಮ್ಮೆಲೇ ಆಯಿಲ್ ಹೆಚ್ಚು ಕುಡಿಯಲು ಶುರುಮಾಡಿದ ಹಳೆಯ ಎಂಜಿನ್ನಿಗೆ ಮೊದಲು ಬೇಕಿರುವುದು ತಪಾಸಣೆ, ಕ್ಯಾನ್ ಅಲ್ಲ.

‘ಅದು ಡಿಪೆಂಡ್ಸ್’ ಎಂಬ ಉತ್ತರ

ಕ್ಯಾಂಪಸ್ ಸಂದರ್ಶನಕ್ಕೆ ಸಿದ್ಧರಾಗುತ್ತಿರುವ ಗೆಳೆಯರಿಗೆ ಒಂದು ಮಾತು. ತಾಂತ್ರಿಕ ಸುತ್ತಿನಲ್ಲಿ ಇಂಥ ಪ್ರಶ್ನೆ ಬಂದಾಗ ನಾವು ‘ಸರ್, ಅದು ಡಿಪೆಂಡ್ಸ್’ ಎಂದು ಹೇಳಿ ನಿಲ್ಲಿಸಿಬಿಡುತ್ತೇವೆ. ಅದು ಅರ್ಧ ಉತ್ತರ. ಯಾವುದರ ಮೇಲೆ ಅವಲಂಬಿಸಿದೆ, ಅದನ್ನು ಹೇಗೆ ಅಳೆಯುತ್ತೀರಿ, ಎಷ್ಟು ಬಂದರೆ ಏನು ಮಾಡುತ್ತೀರಿ ಎಂಬ ಮೂರನ್ನೂ ಹೇಳಿದರೆ ಉತ್ತರ ಪೂರ್ತಿಯಾಗುತ್ತದೆ. ಮಾವ ಕೇಳಿದ್ದು ಹೂಂ ಅಥವಾ ಉಹೂಂ. ಬರೀ ಒಂದು ಮಾತು ಹೇಳಿದ್ದರೆ ಅದು ನನ್ನ ಅಭಿಪ್ರಾಯವಾಗುತ್ತಿತ್ತು. 380ಕ್ಕೆ 45 ಎಂದು ತೋರಿಸಿದಾಗ ಮಾವನೂ ಒಪ್ಪಿದರು, ಮೆಕ್ಯಾನಿಕ್ ಕೂಡ ಒಪ್ಪಿದರು. ಯಾರೊಂದಿಗೂ ವಾದ ಮಾಡುವ ಪ್ರಸಂಗ ಬರಲಿಲ್ಲ.

ನಿಮ್ಮ ಮನೆಯಲ್ಲೂ ಟರ್ಬೊ ಗಾಡಿ ಇದ್ದರೆ ಈ ಭಾನುವಾರ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಎಲ್ಲಿದೆ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಆಗಿದೆ ಎಂದು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. ಎರಡು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ನೋಡಿ. ಗ್ಯಾರೇಜಿಗೆ ಹೋಗುವಾಗ ಆ ಚೀಟಿ ನಿಮ್ಮ ಕೈಯಲ್ಲಿರಲಿ.