ಹಿಂಸಿಸಿ ಪಡೆದ ಸತ್ಯ ಸತ್ಯವೇ?

ಕಳೆದ ತಪಸ್ಸುಕಾಲದ ಒಂದು ಶುಕ್ರವಾರ ಶಿಲುಬೆಹಾದಿಯ ಪ್ರಾರ್ಥನೆ ಮುಗಿದ ಬಳಿಕ, ಭೂಸೇನೆಯಿಂದ ನಿವೃತ್ತರಾದ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಗುರುಮನೆಯ ಜಗಲಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. "ಗುರುಗಳೇ, ಬಂಧಿತನನ್ನು ಹಿಂಸಿಸುವುದು ಯಾವ ಸಂದರ್ಭದಲ್ಲಿಯೂ ಪಾಪವೆಂದು ಪ್ರಬೋಧನೆಯಲ್ಲಿ ಹೇಳಿದಿರಿ. ಪೇಟೆಯಲ್ಲಿ ಎಲ್ಲೋ ಬಾಂಬು ಇದೆ, ಇಟ್ಟವನು ಕೈಗೆ ಸಿಕ್ಕಿದ್ದಾನೆ, ಒಂದು ಗಂಟೆಯೊಳಗೆ ಅದು ಸಿಡಿಯುತ್ತದೆ. ಆಗಲೂ ಅವನಿಗೆ ಕಾಫಿ ಕೊಟ್ಟು ಕೂರಿಸಬೇಕೆ?" ಎಂದು ಕೇಳಿದರು. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಗಡಿಯಲ್ಲಿ ಸಂಗಡಿಗರನ್ನು ಕಳೆದುಕೊಂಡವರು ಅವರು. ಅಂದು ನಾನು ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲವಾದುದರಿಂದ ಈ ವಾರ ಅದನ್ನೇ ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇನೆ.

ಈ ಬಾಂಬಿನ ಉದಾಹರಣೆ ನೀತಿಶಾಸ್ತ್ರದ ತರಗತಿಗಳಲ್ಲಿ ಹಳೆಯದು. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ನಾವೂ ಅದರ ಮೇಲೆ ಗಂಟೆಗಟ್ಟಲೆ ವಾದಿಸಿದ್ದೆವು. ಆದರೆ ಅದು ಸರ್ಕಾರಿ ಕಡತವನ್ನು ಹೊಕ್ಕ ಬಗೆಯನ್ನು ಲೋಕ ಕಂಡದ್ದು, ಅಮೆರಿಕದಲ್ಲಿ ಸುಮಾರು 3,000 ಮಂದಿಯನ್ನು ಬಲಿ ತೆಗೆದುಕೊಂಡ 2001ರ ಸೆಪ್ಟೆಂಬರ್ 11ರ ದಾಳಿಯ ತರುವಾಯ. ಹೇಗೂ ನಡೆಯುವುದಾದರೆ ಕತ್ತಲಲ್ಲಿ ನಡೆಯುವ ಬದಲು ನ್ಯಾಯಾಧೀಶರ ವಾರಂಟಿನ ಮೇಲೆ ನಡೆಯಲಿ ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲನ್ ಡರ್ಶೋವಿಟ್ಜ್ ವಾದಿಸಿದರು. 2002ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರದ ನ್ಯಾಯ ಇಲಾಖೆಯ ವಕೀಲರು ಬರೆದುಕೊಟ್ಟ ಅಭಿಪ್ರಾಯಪತ್ರವೊಂದರ ಪ್ರಕಾರ, ದೈಹಿಕ ನೋವು ಅಂಗಾಂಗ ವೈಫಲ್ಯ ಅಥವಾ ಮರಣದ ಜೊತೆ ಬರುವಷ್ಟು ತೀವ್ರವಾಗಿರದಿದ್ದರೆ ಅದು ಚಿತ್ರಹಿಂಸೆಯೇ ಅಲ್ಲ! ಹೀಗೆ ಹಿಂಸೆಗೆ 'ವರ್ಧಿತ ವಿಚಾರಣಾ ವಿಧಾನ' ಎಂಬ ಹೊಸ ನಾಮಕರಣವಾಯಿತು. ನಮ್ಮ ಪತ್ರಿಕೆಗಳೂ 'ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ ಆರೋಪಿ ಬಾಯಿ ಬಿಟ್ಟ' ಎಂದು ಬರೆಯುವುದುಂಟು; ಆ ಶೈಲಿ ಯಾವುದೆಂದು ಕೇಳದೆ ನಾವೂ ಓದಿ ಪುಟ ತಿರುವುತ್ತೇವೆ.

ಅದೇ ಆಗಸ್ಟ್ ತಿಂಗಳಲ್ಲಿ ಅಬು ಜುಬೈದಾ ಎಂಬ ಬಂಧಿತನನ್ನು ಹಲಗೆಗೆ ಕಟ್ಟಿ, ಮುಖಕ್ಕೆ ಬಟ್ಟೆ ಹೊದಿಸಿ, ಮುಳುಗಿ ಸಾಯುವ ಅನುಭವವಾಗುವಂತೆ 83 ಬಾರಿ ನೀರು ಸುರಿಯಲಾಯಿತು. ಅವನಲ್ಲಿ ಹೊಸ ಮಾಹಿತಿ ಇರಲಾರದು ಎಂದು ಸ್ಥಳದಲ್ಲಿದ್ದವರಿಗೆ ಬೇಗನೆ ಅನಿಸಿತ್ತು. ಆದರೆ ಮುಂದುವರಿಸಿರಿ ಎಂದು ಸಿಐಎ ಕೇಂದ್ರ ಕಚೇರಿಯಿಂದ ಸೂಚನೆ ಬಂತು. ಅಲ್ ಖೈದಾದ ಮೂರನೆಯ ಅಥವಾ ನಾಲ್ಕನೆಯ ಮುಖ್ಯಸ್ಥನೆಂದು ಆಗ ನಂಬಿದ್ದ ಈತ ಆ ಸಂಘಟನೆಯ ಸದಸ್ಯನೇ ಆಗಿರಲಿಲ್ಲವೆಂಬ ತೀರ್ಮಾನಕ್ಕೆ ಸಿಐಎ ತಾನೇ ಅನಂತರ ಬಂದಿತು.

ಇನ್ನೊಬ್ಬನ ಕಥೆ ಇನ್ನೂ ಭಯಾನಕ. ಇಬ್ನ್ ಅಲ್ ಶೇಖ್ ಅಲ್ ಲಿಬಿ ಎಂಬವನನ್ನು 2002ರ ಆರಂಭದಲ್ಲಿ ಈಜಿಪ್ಟಿಗೆ ಒಪ್ಪಿಸಲಾಯಿತು. ಅಲ್ ಖೈದಾದವರಿಗೆ ಇರಾಕ್ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಎಂದು ಅವನು ಅಲ್ಲಿ ನುಡಿದನು. ಆ ನುಡಿಯನ್ನು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ 2003ರ ಫೆಬ್ರವರಿ 5ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಆಧಾರವಾಗಿ ಮುಂದಿಟ್ಟರು. ಮರು ತಿಂಗಳೇ ಇರಾಕ್ ಯುದ್ಧ ಆರಂಭವಾಯಿತು. 2004ರಲ್ಲಿ ಅಲ್ ಲಿಬಿ ತನ್ನ ಹೇಳಿಕೆಯನ್ನು ಹಿಂತೆಗೆದುಕೊಂಡನು: ತನ್ನನ್ನು ಪುಟ್ಟ ಪೆಟ್ಟಿಗೆಯೊಂದರಲ್ಲಿ ತುರುಕಿ, ಹೊಡೆದು ಹಿಂಸಿಸಿದಾಗ, ಅವರು ಕೇಳಬಯಸಿದ್ದನ್ನೇ ಹೇಳಿದೆನೆಂದನು. ಪ್ರಿಯ ವಾಚಕರೇ, ಒಂದು ದೇಶದ ಭದ್ರತೆಗಾಗಿ ಒಬ್ಬನ ಬಾಯಿ ಬಿಡಿಸಲಾಯಿತು. ಆ ಬಾಯಿಂದ ಬಂದ ಸುಳ್ಳಿನ ಭಾರವನ್ನು ಹೊತ್ತವರು ಎಷ್ಟು ತಾಯಂದಿರು!

ಹಿರಿಯರ ಪ್ರಶ್ನೆಯ ಒಳಗಿರುವ ತೊಡಕು ಇದೇ. ಬಾಂಬು ಇರುವುದು ನಿಶ್ಚಯ, ಇಟ್ಟವನು ಇವನೇ ಎಂಬುದು ನಿಶ್ಚಯ, ನೋವಾದರೆ ನಿಜವನ್ನೇ ನುಡಿಯುವನೆಂಬುದೂ ನಿಶ್ಚಯ. ತರಗತಿಯಲ್ಲಿ ಈ ಮೂರು ನಿಶ್ಚಯಗಳನ್ನು ಉಪನ್ಯಾಸಕರು ಪುಕ್ಕಟೆಯಾಗಿ ಒದಗಿಸುತ್ತಾರೆ. ವಿಚಾರಣಾ ಕೊಠಡಿಯಲ್ಲಿ ಅವುಗಳನ್ನು ಒದಗಿಸುವವರು ಯಾರೂ ಇಲ್ಲ.

ಅಮೆರಿಕವನ್ನಷ್ಟೇ ದೂರಿ ಕೈ ತೊಳೆದುಕೊಳ್ಳುವ ಹಕ್ಕು ಕಥೋಲಿಕರಾದ ನಮಗಿಲ್ಲ. ಒಪ್ಪಿಗೆ ಸ್ವಇಚ್ಛೆಯದಾಗಿರಬೇಕೆಂದೂ, ನೋವು ತಾಳಲಾರದೆ ನಿರಪರಾಧಿ ಒಪ್ಪಿಕೊಂಡರೆ ಆ ಪಾಪ ಯಾರದೆಂದೂ ಜಗದ್ಗುರು ಒಂದನೆಯ ನಿಕೊಲಸ್ 866ರಲ್ಲಿಯೇ ಬಲ್ಗೇರಿಯದ ಅರಸನಿಗೆ ಬರೆದಿದ್ದರು. ಆದರೂ 1252ರಲ್ಲಿ ಜಗದ್ಗುರು ನಾಲ್ಕನೆಯ ಇನ್ನೊಸೆಂಟ್ ತಮ್ಮ ಶಾಸನಪತ್ರದಲ್ಲಿ, ಕಳ್ಳರನ್ನು ಬಾಯಿ ಬಿಡಿಸುವಂತೆ ಆತ್ಮಗಳನ್ನು ಕೊಲ್ಲುವ ಪಾಷಂಡಿಗಳನ್ನೂ ಬಲವಂತಪಡಿಸಬಹುದೆಂದರು. ಕ್ರೈಸ್ತಲೋಕದ ಭದ್ರತೆಯೇ ಅಂದಿನ ವಾದ. ಅವರು ಹಾಕಿದ ಮಿತಿಯನ್ನು ಗಮನಿಸಿರಿ: ಅಂಗಭಂಗವಾಗಬಾರದು, ಪ್ರಾಣಾಪಾಯವಿರಬಾರದು. 2002ರ ಅಮೆರಿಕದ ವಕೀಲರು ಎಳೆದ ಗೆರೆಯೂ ಹೆಚ್ಚುಕಡಿಮೆ ಅಲ್ಲಿಯೇ ಇದೆ. ನಡುವೆ 750 ವರ್ಷಗಳು ಕಳೆದಿದ್ದವು. ಗೆರೆ ನಿಲ್ಲಲಿಲ್ಲ. ಒಮ್ಮೆ ಮಾತ್ರ ಹಿಂಸಿಸಬಹುದೆಂಬ ನಿಯಮವನ್ನು, ಎರಡನೆಯ ಸಲವನ್ನು ಮೊದಲನೆಯದರ 'ಮುಂದುವರಿಕೆ' ಎಂದು ಕರೆದು ದಾಟಿದರು.

ಇದನ್ನು ಎದುರಿಸಿದವರೂ ನಮ್ಮಲ್ಲಿಯೇ ಇದ್ದರು. ಯೇಸುಸಭೆಯ ಗುರು ಫ್ರೀಡ್ರಿಕ್ ಸ್ಪೇ ಜರ್ಮನಿಯಲ್ಲಿ ಮಾಟಗಾತಿಯರೆಂದು ಆರೋಪಕ್ಕೊಳಗಾದ ಸ್ತ್ರೀಯರ ಪಾಪನಿವೇದನೆ ಕೇಳಿ, ಅವರೊಡನೆ ಚಿತೆಯವರೆಗೆ ನಡೆದವರೆಂದು ಹೇಳುತ್ತಾರೆ. 1631ರಲ್ಲಿ ಹೆಸರು ಹಾಕದೆ ಅವರು ಪ್ರಕಟಿಸಿದ ಗ್ರಂಥದ ತರ್ಕ ಸರಳ. ಒಪ್ಪಿಕೊಂಡರೆ ಆಕೆ ಅಪರಾಧಿ; ಒಪ್ಪದಿದ್ದರೆ ಸೈತಾನನೇ ಆಕೆಗೆ ಮೌನ ಕಲಿಸಿದ್ದಾನೆ, ಇನ್ನಷ್ಟು ಹಿಂಸಿಸಿರಿ. ಈ ಯಂತ್ರದಿಂದ ನಿರಪರಾಧಿ ಹೊರಬರುವ ಬಾಗಿಲೇ ಇಲ್ಲ. ಇದಕ್ಕೆ ಒಳಪಡಿಸಿದರೆ ಗುರುಗಳೂ ನ್ಯಾಯಾಧೀಶರೂ ಮಾಟಗಾರರೇ ಆಗುತ್ತಾರೆ ಎಂದು ಅವರು ತೋರಿಸಿಕೊಟ್ಟರು. ನಾಲ್ಕು ವರ್ಷಗಳ ಬಳಿಕ, ಟ್ರಿಯರ್ ನಗರದಲ್ಲಿ ಸಾಂಕ್ರಾಮಿಕ ಪೀಡಿತ ಸೈನಿಕರ ಶುಶ್ರೂಷೆ ಮಾಡುತ್ತ ತಾವೂ ತೀರಿಕೊಂಡರು. ಅಬು ಜುಬೈದಾನ ಪ್ರಕರಣವನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದವರು ಇವರೇ.

ಎದುರುಪಕ್ಷದ ಮಾತನ್ನೂ ಹೇಳಬೇಕು. ಅಮೆರಿಕದ ಸೆನೆಟ್ ಸಮಿತಿ 2014ರ ಡಿಸೆಂಬರ್‌ನಲ್ಲಿ ಹೊರತಂದ ವರದಿಸಾರವು 119 ಬಂಧಿತರಲ್ಲಿ ಕನಿಷ್ಠ 26 ಮಂದಿಯನ್ನು ತಪ್ಪಾಗಿ ಹಿಡಿದಿಡಲಾಗಿತ್ತೆಂದೂ, ಯಶಸ್ಸೆಂದು ಹೇಳಿಕೊಂಡ 20 ಪ್ರಕರಣಗಳ ದಾವೆ ಸರಿಯಲ್ಲವೆಂದೂ ಹೇಳಿತು. ಸಿಐಎ ಇದನ್ನು ಒಪ್ಪಲಿಲ್ಲ. ಉಪಯುಕ್ತ ಮಾಹಿತಿ ದೊರೆತು ಪ್ರಾಣಗಳು ಉಳಿದವೆಂದಿತು. ವಾದಕ್ಕಾಗಿ ಅದನ್ನು ಒಪ್ಪಿಕೊಳ್ಳೋಣ. ಆಗಲೂ ಧರ್ಮಸಭೆಯ ಬೋಧನೆ ಬದಲಾಗುವುದಿಲ್ಲ. ಕೃತ್ಯವನ್ನು ಅದರ ಉದ್ದೇಶದಿಂದ ಮಾತ್ರವಲ್ಲ, ಅದರ ಸ್ವರೂಪದಿಂದಲೂ ತೂಗಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೇಹ ಮನಸ್ಸುಗಳ ಚಿತ್ರಹಿಂಸೆಯನ್ನು ಖಂಡಿಸಿತು. ಜಗದ್ಗುರು ಎರಡನೆಯ ಜಾನ್ ಪಾಲ್ 1993ರ ತಮ್ಮ ವಿಶ್ವಪತ್ರದಲ್ಲಿ ಅದನ್ನು ಸ್ವಭಾವತಃ ದುಷ್ಟವಾದ ಕೃತ್ಯಗಳ ಸಾಲಿಗೆ ಸೇರಿಸಿದರು. ಜನರೆಲ್ಲ ನಾಶವಾಗುವುದಕ್ಕಿಂತ ಒಬ್ಬನು ಸಾಯುವುದು ಲೇಸೆಂದ ಕಾಯಫನೂ ರಾಷ್ಟ್ರದ ಭದ್ರತೆಯನ್ನೇ ಚಿಂತಿಸುತ್ತಿದ್ದನು ಎಂಬುದನ್ನು ನಾವು ಮರೆಯುತ್ತೇವೆ.

ನಮ್ಮ ದೇಶದ ವಿಷಯದಲ್ಲಿ ಒಂದು ಮಾತು. ಯುದ್ಧವಾಗಲಿ ತುರ್ತುಪರಿಸ್ಥಿತಿಯಾಗಲಿ ಚಿತ್ರಹಿಂಸೆಗೆ ಸಮರ್ಥನೆಯಾಗದೆಂದು ಸಾರುವ ವಿಶ್ವಸಂಸ್ಥೆಯ 1984ರ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಆದರೆ ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಚಿತ್ರಹಿಂಸೆ ತಡೆ ಮಸೂದೆ ಕಾಯಿದೆಯಾಗದೆ ಬಿದ್ದುಹೋಯಿತು. ಈ ಬಗ್ಗೆ ಯಾವ ಚುನಾವಣಾ ಸಭೆಯಲ್ಲಿಯೂ ಒಬ್ಬರೂ ಪ್ರಶ್ನೆ ಎತ್ತಿದ್ದನ್ನು ನಾನು ಕೇಳಿಲ್ಲ.

ಈ ಲೇಖನದ ಕರಡನ್ನು ಆ ಹಿರಿಯರಿಗೆ ಓದಿ ಹೇಳಿದೆ. ಕೈಯೆತ್ತಿ ಶರಣಾದ ಶತ್ರುವಿಗೆ ಗುಂಡು ಹಾರಿಸಬಾರದೆಂಬುದನ್ನು ಸೈನಿಕರಾದ ನಿಮಗೆ ನಾನು ಕಲಿಸಬೇಕೆ, ಕೈಕಟ್ಟಿಸಿಕೊಂಡು ಕುಳಿತವನು ಅವನಿಗಿಂತಲೂ ಅಸಹಾಯಕನಲ್ಲವೆ ಎಂದೂ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. "ಅದು ಸರಿ ಗುರುಗಳೇ. ಆದರೆ ಆ ಪೇಟೆಯಲ್ಲಿ ನನ್ನ ಮೊಮ್ಮಗಳಿದ್ದರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ" ಎಂದರು. ನನಗೂ ಗೊತ್ತಿಲ್ಲ ಎಂದೆ. ಮೆಟ್ಟಿಲಿಳಿಯುತ್ತ ತಿರುಗಿ ನಿಂತು, ಆ ಜರ್ಮನ್ ಗುರುವಿನ ಪುಸ್ತಕ ಓದಲು ಸಿಗುವುದೇ ಎಂದು ಕೇಳಿದರು. ನನ್ನ ಬಳಿ ಇರುವುದು ಸೆಮಿನರಿ ಕಾಲದ ಟಿಪ್ಪಣಿಗಳು ಮಾತ್ರ; ಅವನ್ನೇ ಹುಡುಕಿ ತೆಗೆದಿಟ್ಟಿದ್ದೇನೆ.