ಪುಕಾರೂ ಪ್ರಜಾರಾಜ್ಯವೂ

ನವಲಗುಂದದ ಎರೆಹೊಲದ ಒಕ್ಕಲಿಗನು ಬೀಜವನ್ನು ಅಂಗೈಯಲ್ಲಿ ಹಿಡಿದು ನೋಡದೆ ಕೂರಿಗೆಗೆ ಹಾಕುವದಿಲ್ಲ; ಕುಂದಗೋಳದ ಗೃಹಿಣಿಯು ಮೊರದಲ್ಲಿ ಕೇರದೆ ಜೋಳವನ್ನು ಬೀಸಲು ಕಳುಹಿಸುವದಿಲ್ಲ. ಆದರೆ ಅದೇ ಮನೆಗೆ ಮೊಬಾಯಿಲಿನ ಮೂಲಕ ಬಂದ ವರ್ತಮಾನವು ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ ಕ್ಷಣಾರ್ಧದಲ್ಲಿ ಹತ್ತು ಮನೆಗಳಿಗೆ ಹೋಗುವದು. ಈ ಅಲಕ್ಷ್ಯದಿಂದಾಗುವ ಹಾನಿಯನ್ನು ವಾಚಕರ ಮುಂದಿಡುವದೇ ನಮ್ಮ ಉದ್ದೇಶವು.

ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ 2018ರ ಜುಲೈ 13ರಂದು ನಡೆದ ಸಂಗತಿಯನ್ನು ನೆನೆಯೋಣ. ಹೈದರಾಬಾದಿನಿಂದ ಬಂದಿದ್ದ ಕೆಲವು ತರುಣರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿದರು. ಮಕ್ಕಳ ಕಳ್ಳರು ಬಂದಿರುವರೆಂಬ ಪುಕಾರು ಆಗ ನಾಡೆಲ್ಲ ಹಬ್ಬಿತ್ತು. ಜನರು ಸಂಶಯಪಟ್ಟರು, ವಾಟ್ಸಾಪಿನ ಸುದ್ದಿಯು ತರುಣರ ಕಾರಿಗಿಂತ ಮುಂದೆ ಓಡಿತು, ಮುರ್ಕಿಯಲ್ಲಿ ದಾರಿ ಕಟ್ಟಲಾಯಿತು. ಗುಂಪಿನ ಹೊಡೆತಕ್ಕೆ ಒಬ್ಬ ತರುಣ ಇಂಜನಿಯರನು ಪ್ರಾಣ ಬಿಟ್ಟನು; ಬಿಡಿಸಲು ಹೋದ ಪೋಲೀಸರಿಗೂ ಪೆಟ್ಟಾಯಿತು.

ಅಂದು ತಾಯಂದಿರ ನಿದ್ದೆಗೆಡಿಸಿದ ಒಂದು ಚಿತ್ರದ ಮೂಲವೇನು? ಮಕ್ಕಳನ್ನು ಜೋಪಾನ ಮಾಡಿರೆಂದು ಹೇಳುವದಕ್ಕಾಗಿ ಕರಾಚಿಯ ಸಂಸ್ಥೆಯೊಂದು ತೆಗೆಸಿದ ತಿಳಿವಳಿಕೆಯ ಚಿತ್ರವದು. ಮಗುವನ್ನು ತಿರುಗಿ ತಂದುಬಿಡುವ ಕೊನೆಯ ಭಾಗವನ್ನು ಕತ್ತರಿಸಿ, ಉಳಿದುದನ್ನು ನಿಜವಾದ ಕಳವೆಂದು ಯಾರೋ ಹರಿಯಬಿಟ್ಟಿದ್ದರು. ಅದನ್ನು ಮುಂದೆ ಕಳುಹಿಸಿದವರಲ್ಲಿ ಬಹುಮಂದಿ ದುಷ್ಟರಲ್ಲ. ಮಕ್ಕಳ ಮೇಲಿನ ಮಮತೆಯಿಂದಲೇ ಕಳುಹಿಸಿದವರು. ಸುಳ್ಳಿಗೆ ಬಲವು ಬರುವದು ಹೀಗೆಯೇ: ಹುಟ್ಟಿಸುವವನು ಅಪರಿಚಿತ, ತಂದು ಕೊಡುವವನು ನಮ್ಮ ಸೋದರಮಾವ.

2012ರ ಆಗಸ್ಟದಲ್ಲಿ ಈಶಾನ್ಯ ಭಾರತದ ಸಾವಿರಾರು ಜನರು, ತಮ್ಮ ಮೇಲೆ ಹಲ್ಲೆಯಾಗುವದೆಂಬ ಗಾಳಿಮಾತಿಗೆ ಹೆದರಿ, ಬೆಂಗಳೂರಿನ ಕೆಲಸ ಕಾರ್ಯ ಬಿಟ್ಟು ಗುವಾಹಾಟಿಯ ರೈಲು ಹತ್ತಿದರು. ನಮ್ಮ ಸಮೀಪದ ಹಳೇಹುಬ್ಬಳ್ಳಿಯಲ್ಲಿ 2022ರ ಏಪ್ರಿಲ್ 16ರ ರಾತ್ರಿ, ತಿದ್ದಿದ ಚಿತ್ರವೊಂದರ ನಿಮಿತ್ತವಾಗಿ ಪೋಲೀಸ ಠಾಣೆಯ ಮೇಲೆ ಕಲ್ಲು ಬಿದ್ದವು. ಚಿತ್ರವನ್ನು ಹಾಕಿದವನನ್ನು ಅದಕ್ಕೂ ಮೊದಲೇ ಬಂಧಿಸಲಾಗಿತ್ತು. ಸಿಟ್ಟಿಗೆ ಅದನ್ನು ಕೇಳುವ ವ್ಯವಧಾನವಿರಲಿಲ್ಲ.

ಪುಕಾರಿಗೆ ದೊಡ್ಡವರ ಆಶ್ರಯ ದೊರೆತರೆ ರಾಜ್ಯದ ತಳಪಾಯವೇ ಅಲುಗುವದು. ಅಮೇರಿಕದಲ್ಲಿ 2020ರ ಚುನಾವಣೆಯಲ್ಲಿ ಸೋತ ಟ್ರಂಪರು, ತಮ್ಮ ಗೆಲುವನ್ನು ಕದಿಯಲಾಯಿತೆಂದು ಸಾರಿದರು. 60ಕ್ಕೂ ಹೆಚ್ಚು ದಾವೆಗಳು ಕೋರ್ಟು ಹತ್ತಿದವು. ಬಹುತೇಕ ಎಲ್ಲವೂ ಬಿದ್ದುಹೋದವು. ಆದರೂ ನಂಬಿದವರ ಗುಂಪು 2021ರ ಜನವರಿ 6ರಂದು ಸಂಸತ್ತಿನ ಭವನಕ್ಕೆ ನುಗ್ಗಿತು. ಎರಡು ಶತಮಾನ ಮೀರಿದ ಪ್ರಜಾರಾಜ್ಯದಲ್ಲಿಯೇ ಹೀಗಾದರೆ ಉಳಿದವರು ಎಚ್ಚರದಿಂದಿರುವದು ಅವಶ್ಯವಲ್ಲವೇ?

ಇದರಿಂದ ನಮ್ಮ ಹಳ್ಳಿಗಳಿಗೇನು ಎಂದು ವಾಚಕರು ಕೇಳಬಹುದು. ಮತ ಕೇಳಲು ಬಂದವನನ್ನು ನಾವು ಕೇಳತಕ್ಕ ಪ್ರಶ್ನೆಗಳು ಹಲವು: ಮಹದಾಯಿಯ ನೀರೆಲ್ಲಿ? ಬೆಳೆವಿಮೆಯ ಹಣವೆಲ್ಲಿ? ಹೆಸರುಕಾಳಿನ ಧಾರಣೆಯ ಗತಿಯೇನು? ಮತದಾನದ ಹಿಂದಿನ ರಾತ್ರಿ ನೆರೆಯವನ ಕುರಿತು ಭೀತಿ ಹುಟ್ಟಿಸುವ ಸುದ್ದಿಯೊಂದು ಬಂದರೆ ಈ ಪ್ರಶ್ನೆಗಳೆಲ್ಲ ಮರೆತುಹೋಗುವವು. ಹೆದರಿದವನು ಲೆಕ್ಕ ಕೇಳಲಾರನು. ಲೆಕ್ಕ ಕೇಳದ ಪ್ರಜೆಯು ಹೆಸರಿಗೆ ಮಾತ್ರ ಪ್ರಭುವು.

ಪರೀಕ್ಷಿಸುವ ಮಾರ್ಗವು ನಮ್ಮವರಿಗೆ ಹೊಸದಲ್ಲ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿಗಾಗಿ ಅಗೆದಾಗ ನೂರಾರು ತಲೆಬುರುಡೆಗಳು ಸಿಕ್ಕವು; ಊರಲ್ಲಿ ತಲೆಗೊಂದು ಮಾತು ಹುಟ್ಟಿತು. ಆಗ ಅವುಗಳ ವಯಸ್ಸನ್ನರಿಯಲು ಪ್ರಯೋಗಶಾಲೆಗೆ ಕಳುಹಿಸಲಾಯಿತು. ಮನೆಗೆ ಬಂದ ಸುದ್ದಿಗೂ ಇದೇ ನಿಯಮವಿರಲಿ. ಹೇಳಿದವರಾರು, ಎಂದಿನದು, ಎಲ್ಲಿಯದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ್ದನ್ನು ಮುಂದೆ ಕಳುಹಿಸಬಾರದು. ಮತದಾರರ ಪಟ್ಟಿಯ ವಿಷಯವಾದರೆ 1950ಕ್ಕೆ ಕರೆಮಾಡಿ ಕೇಳಬೇಕು. ಅಪರಿಚಿತರ ಮೇಲೆ ಸಂಶಯ ಬಂದರೆ 112ಕ್ಕೆ ತಿಳಿಸಬೇಕು, ಕೈಯೆತ್ತಬಾರದು. ಹಿರಿಯರು ತಪ್ಪು ಸುದ್ದಿಯನ್ನು ನಂಬಿದರೆ ಕಿರಿಯರು ನಗೆಯಾಡದೆ ವಿನಯದಿಂದ ತಿಳಿಸಬೇಕು.

ಕಾಳನ್ನು ಕೇರುವ ಕೈಗಳೇ ಮಾತನ್ನೂ ಕೇರಲಿ. ಜಳ್ಳು ಹೊಸ್ತಿಲಲ್ಲಿಯೇ ಹಾರಿಹೋದರೆ ಮನೆಯೂ ಕ್ಷೇಮ, ಊರೂ ಕ್ಷೇಮ.