ಗಲ್ಫ್‌ನ ಪೆಟ್ಟಿಗೆ ಇಳಕಲ್‌ಗೆ ಬಂದಾಗ

ಅಬುಧಾಬಿಯಲ್ಲಿರುವ ಮಗ ಉಮ್ಮನಿಗೆ ಒಂದು ಪೆಟ್ಟಿಗೆ ಕಳಿಸುತ್ತಾನೆ. ಖರ್ಜೂರ, ಬುರ್ಖಾದ ಬಟ್ಟೆ, ಮಕ್ಕಳಿಗೆ ಚಾಕಲೇಟು, ಪೆರ್ನಾಲಿಗೆ ಒಂದು ಜೊತೆ ಚಪ್ಪಲಿ. ಅಂಚೆಯವರು ಬಾಗಿಲಿಗೆ ಬಂದು ಇಷ್ಟು ಸುಂಕ ಕಟ್ಟಬೇಕು ಅಂದಾಗ ಮನೆಯಲ್ಲಿ ಗಲಿಬಿಲಿ. ಗಿಫ್ಟ್ ಅಂತ ಬರೆದಿದ್ದಾನಲ್ಲ, ಮತ್ತೆ ದುಡ್ಡು ಯಾಕೆ?

ಮಂಗಳೂರು ಕಡೆ ಆದರೆ ಪಕ್ಕದ ಮನೆಯಲ್ಲೇ ಗಲ್ಫ್‌ನಿಂದ ಬಂದವರು ಒಬ್ಬರಾದರೂ ಇರುತ್ತಾರೆ, ಕೇಳಿದರೆ ಆಯಿತು. ಹೋಟೆಲು, ಬೇಕರಿ, ವ್ಯಾಪಾರ ಅಂತ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಸೇರಿಕೊಂಡಿರುವ ನಮ್ಮವರಿಗೆ ಆ ಅನುಕೂಲ ಇಲ್ಲ. ಕಸ್ಟಮ್ಸ್ ತಪಾಸಣೆಯೆಲ್ಲ ಬೆಂಗಳೂರು, ಮುಂಬೈಯಂಥ ಕಡೆ ಮುಗಿದು, ಸುಂಕದ ಚೀಟಿ ಅಂಟಿದ ಪೆಟ್ಟಿಗೆ ಮಾತ್ರ ಊರಿಗೆ ಬರುತ್ತದೆ. ಅಂಚೆಯವರನ್ನು ಬೈದು ಪ್ರಯೋಜನ ಇಲ್ಲ, ಅವರು ಆ ಚೀಟಿಯಲ್ಲಿದ್ದದ್ದನ್ನು ವಸೂಲು ಮಾಡುವವರು ಅಷ್ಟೆ.

ಗಿಫ್ಟ್‌ಗೆ ವಿನಾಯಿತಿ ಇದ್ದದ್ದು ಹೌದು. 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇರಲಿಲ್ಲ. ಈ ಸೌಲಭ್ಯದ ಮರೆಯಲ್ಲಿ ವಿದೇಶಿ ಆನ್‌ಲೈನ್ ಅಂಗಡಿಗಳು, ಮುಖ್ಯವಾಗಿ ಚೀನಾದವು, ಮಾರಾಟದ ಸರಕನ್ನೇ ಗಿಫ್ಟ್ ಎಂದು ಬರೆದು ಕಳಿಸುತ್ತಿವೆ ಎಂಬ ದೂರು ಬಂತು. 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಅದನ್ನು ನಿಲ್ಲಿಸಿತು. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ರಿಯಾಯಿತಿ ಉಳಿಯಿತು. ಉಮ್ಮನ ಖರ್ಜೂರ ಅದರಲ್ಲಿ ಸೇರಲಿಲ್ಲ. ಯಾರೋ ಮಾಡಿದ ಕಳ್ಳಾಟಕ್ಕೆ ದಂಡ ಕಟ್ಟಿದವರು ಯಾರು ನೋಡಿ! ಗಿಫ್ಟ್ ಕಳಿಸಬಾರದು ಅಂತೇನಿಲ್ಲ, ಪೂರ್ತಿ ಸುಂಕ ಕಟ್ಟಿ ಬಿಡಿಸಿಕೊಳ್ಳಬಹುದು. ಲೆಕ್ಕ ಹಾಕಿ ಬಂದ ಸುಂಕ 100 ರೂಪಾಯಿ ಮೀರದಿದ್ದರೆ ಅದನ್ನು ವಸೂಲು ಮಾಡುವುದಿಲ್ಲ.

ಸುಂಕ ಎಷ್ಟು ಬೀಳುತ್ತಿತ್ತು ಎಂಬುದಕ್ಕೆ 2020-21ರ ಲೆಕ್ಕ ನೋಡಿ. 10,000 ರೂಪಾಯಿ ಬೆಲೆಯ ಸಾಮಾನಿಗೆ ಶೇ. 35 ಮೂಲ ಸುಂಕ, ಅಂದರೆ 3,500. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಮೇಲ್ತೆರಿಗೆ, 350. ಈಗ 13,850 ಆಯಿತಲ್ಲ, ಅಷ್ಟರ ಮೇಲೂ ಶೇ. 28 ಐಜಿಎಸ್‌ಟಿ, 3,878. ಒಟ್ಟು 7,728 ರೂಪಾಯಿ. ತೆರಿಗೆಯ ಮೇಲೆ ತೆರಿಗೆ ಅಂದರೆ ಇದೇ. ಆಮೇಲೆ ಮೂಲ ಸುಂಕ ಶೇ. 20ಕ್ಕೆ ಬಂತು, 2026ರ ಬಜೆಟ್‌ನಲ್ಲಿ ಅದನ್ನು ಶೇ. 10ಕ್ಕೆ ಇಳಿಸುವುದಾಗಿ ಹೇಳಲಾಯಿತು. ಹೊರೆ ಕಡಿಮೆ ಆಯಿತು, ಇಲ್ಲವಾಗಲಿಲ್ಲ.

ಈ ತೆರಿಗೆ ಉಸಿರಿಗೇ ಅಡ್ಡ ಬಂದದ್ದು 2021ರ ಕೊರೋನಾ ಎರಡನೇ ಅಲೆಯಲ್ಲಿ. ಹೊರದೇಶದಲ್ಲಿದ್ದವರು ಮನೆಯವರಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಕಳಿಸತೊಡಗಿದರು. ಕೇಂದ್ರ ಅದರ ಮೂಲ ಸುಂಕ ಬಿಟ್ಟುಕೊಟ್ಟಿತು, ಸ್ವಂತ ಬಳಕೆಗೆ ತರಿಸಿದ್ದಕ್ಕೆ ಐಜಿಎಸ್‌ಟಿಯನ್ನು ಮೇ 1ರಿಂದ ಶೇ. 28ರಿಂದ 12ಕ್ಕೆ ಇಳಿಸಿತು. ಆ 12 ಕೂಡ ಯಾಕೆ ಎಂದು ದಿಲ್ಲಿಯ 85 ವರ್ಷದ ಹಿರಿಯರೊಬ್ಬರು ಹೈಕೋರ್ಟ್‌ಗೆ ಹೋದರು. ಅವರಿಗೆ ಅಮೆರಿಕದಲ್ಲಿದ್ದ ಸೋದರಳಿಯ ಯಂತ್ರ ಕಳಿಸಿದ್ದ. ಸ್ವಂತ ಬಳಕೆಗೆ ಉಡುಗೊರೆಯಾಗಿ ಬಂದ ಯಂತ್ರಕ್ಕೆ ಈ ತೆರಿಗೆ ಹಾಕುವುದು ಸಂವಿಧಾನಬಾಹಿರ ಎಂದು ಮೇ 21ರಂದು ದಿಲ್ಲಿ ಹೈಕೋರ್ಟ್ ಹೇಳಿತು. ಜೂನ್ 1ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಜೂನ್ 12ರಂದು ಜಿಎಸ್‌ಟಿ ಮಂಡಳಿ ತೆರಿಗೆಯನ್ನು ಶೇ. 5ಕ್ಕೆ ತಂದಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಕಬರ್ ತೋಡಿ ಆಗಿತ್ತು.

ಅವಸರ ಇಲ್ಲದ ಸಾಮಾನಾದರೆ ನಮ್ಮ ಹಿರಿಯರ ದಾರಿಯೇ ಲಾಭ: ರಜೆಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುವುದು. 2026ರ ಫೆಬ್ರವರಿ 2ರಿಂದ ಜಾರಿಯಾದ ಬ್ಯಾಗೇಜ್ ನಿಯಮದಂತೆ ವಿಮಾನದಲ್ಲಿ ಬರುವ ಭಾರತೀಯರು 75,000 ರೂಪಾಯಿವರೆಗಿನ ಸಾಮಾನು ಸುಂಕವಿಲ್ಲದೆ ತರಬಹುದು. ಮೊದಲು ಇದು 50,000 ಇತ್ತು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರುವ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಆಭರಣ ಬೇರೆ. ಗಂಡ ಹೆಂಡತಿಯ ಮಿತಿಯನ್ನು ಕೂಡಿಸಿ ಒಂದೇ ದುಬಾರಿ ವಸ್ತು ತರುತ್ತೇನೆ ಅಂದರೆ ಮಾತ್ರ ಒಪ್ಪುವುದಿಲ್ಲ. ಬಜ್ಪೆಯಲ್ಲಿ ಇಳಿದ ಬಾವ ರಾತ್ರಿ ಬಸ್ಸಿಗೆ ಹಾಕಿದರೆ ಬೆಳಗ್ಗೆ ಬಾಗಲಕೋಟೆಯಲ್ಲಿ ಇಳಿಸಿಕೊಳ್ಳಬಹುದು.

ಇನ್ನು ಮುಖ್ಯವಾದದ್ದು. ಈ ಸುಂಕದ ಗೊಂದಲವೇ ಮೋಸಗಾರರಿಗೆ ಬಂಡವಾಳ. ಮಧ್ಯಾಹ್ನ ಗಂಡಸರು ಅಂಗಡಿಯಲ್ಲಿರುವಾಗ ಫೋನ್ ಬರುತ್ತದೆ. ದಿಲ್ಲಿ ಕಸ್ಟಮ್ಸ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಹೆಸರಿಗೆ ಬಂದ ಪೆಟ್ಟಿಗೆಯಲ್ಲಿ ಚಿನ್ನ ಸಿಕ್ಕಿದೆ, ಈಗಲೇ ದುಡ್ಡು ಹಾಕದಿದ್ದರೆ ಕೇಸು. ಮಗ ನಿಜವಾಗಿಯೂ ಹೊರದೇಶದಲ್ಲಿದ್ದರೆ ಯಾವ ತಾಯಿಯ ಎದೆ ಒಡೆಯುವುದಿಲ್ಲ ಹೇಳಿ?

ಕಸ್ಟಮ್ಸ್ ಇಲಾಖೆ ಯಾರದ್ದೋ ಖಾಸಗಿ ಖಾತೆಗೆ, ಫೋನ್‌ಪೇ ನಂಬರಿಗೆ ಸುಂಕ ಹಾಕಿಸಿಕೊಳ್ಳುವುದಿಲ್ಲ. ಅಂಚೆ ಪಾರ್ಸೆಲ್ ಆದರೆ ದುಡ್ಡು ಕೊಡುವುದು ಪೆಟ್ಟಿಗೆ ಕೈಗೆ ಬರುವಾಗ, ರಶೀದಿ ಪಡೆದು. ಕೊರಿಯರ್‌ನವರು ಗುರುತಿನ ಚೀಟಿ ಕೇಳುತ್ತಾರೆ, ಮೊದಲೇ ಸುಂಕ ಕಟ್ಟಿಸಿಕೊಳ್ಳುವುದೂ ಇದೆ. ಆಗ ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ. ಮಗನಿಂದ ಟ್ರ್ಯಾಕಿಂಗ್ ನಂಬರು ತರಿಸಿ ಆ ಕಂಪೆನಿಯ ವೆಬ್‌ಸೈಟಿನಲ್ಲೇ ನೋಡಿ. ಕಸ್ಟಮ್ಸ್ ನೋಟಿಸು ಅಂತ ಕಾಗದ ಕಳಿಸಿದರೆ ಅದರಲ್ಲಿ ಡಿನ್ ಎಂಬ ಸಂಖ್ಯೆ ಇದೆಯಾ ನೋಡಿ. 2019ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ, ನಿಜವೋ ಸುಳ್ಳೋ ಎಂದು ಕೇಂದ್ರದ ಸಿಬಿಐಸಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು.

ದುಡ್ಡು ಹೋಗಿಯೇ ಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಮಗನಿಗೂ ಒಂದು ಮಾತು ಹೇಳಿ. ಪೆಟ್ಟಿಗೆ ಕಳಿಸಿದ ದಿನವೇ ಏನೇನು ಹಾಕಿದ್ದೇನೆ, ಬೆಲೆ ಎಷ್ಟು ಬರೆದಿದ್ದೇನೆ ಎಂಬ ಫಾರ್ಮಿನ ಫೋಟೋ ಉಮ್ಮನ ವಾಟ್ಸ್ಆ್ಯಪ್‌ಗೆ ಹಾಕಲಿ.